ಬಳಸಿ ನಡೆವ ಜನ

ದೆವ್ವಗಿವ್ವ ನಾನು ನಂಬುವವನಲ್ಲ. ಆದರೂ ಉದಗೀರದ ನಮ್ಮ ಬಟ್ಟೆ ಅಂಗಡಿಯಲ್ಲಿ ಆ ಮಧ್ಯಾಹ್ನ ಕಂಡದ್ದು ಸುಳ್ಳಲ್ಲ.

ಗಿರಾಕಿ ಇರಲಿಲ್ಲ. ನೂರು ವರ್ಷ ಹಿಂದಿನ ಅಮೆರಿಕದ ಸುದ್ದಿಚಿತ್ರವೊಂದನ್ನು ಟಿವಿಯಲ್ಲಿ ಹಾಕಿದ್ದೆ. ಪಕ್ಕದಲ್ಲಿ ನಮ್ಮ ಓಣಿಯ ಮನ್ಮಥಪ್ಪ ಕಾಕಾ ಕೂತಿದ್ದರು. ಸದ್ದಿಲ್ಲದ ಕಪ್ಪು ಬಿಳುಪು ಚಿತ್ರ. ಕುದುರೆಗಾಡಿ, ಟ್ರಾಮು, ರೈಲು ತಪ್ಪೀತೆಂಬಂತೆ ದಡದಡ ನಡೆಯುವ ಟೋಪಿಯ ಗಂಡಸರು.

ಇದ್ದಕ್ಕಿದ್ದಂತೆ ಅಂಗಡಿಯಲ್ಲಿ ಹಸಿ ಕಟ್ಟಿಗೆ ಸುಟ್ಟ ವಾಸನೆ ಬಂತು. ಆಗಲೇ ಚಿತ್ರದ ಆ ಗದ್ದಲದ ಬೀದಿಯ ನಡುವೆ ಹೆಂಗಸೊಬ್ಬಳು ಕಂಡಳು. ತಲೆತುಂಬ ಸೆರಗು ಹೊದ್ದು, ಚಕ್ಕಳಮಕ್ಕಳ ಹಾಕಿ, ಎಡಗೈ ಬಿಚ್ಚಿ ಹಿಡಿದು ಅಲುಗದೆ ಕೂತಿದ್ದಳು.

"ರಂಭಾ," ಎಂದರು ಕಾಕಾ.

ರಂಭಾಬಾಯಿ ಅವರ ಹೆಂಡತಿ. ತೊಂಬತ್ಮೂರರ ಭೂಕಂಪದಲ್ಲಿ ಮಾಕಣಿ ಕಡೆಯ ತವರಿನಲ್ಲಿ ಕಲ್ಲುಗೋಡೆ ಬಿದ್ದು ಸತ್ತವಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅಂದು ಮಳೆ, ಗುಂಡಿ ತೋಡಲಾಗದೆ ಸಿಕ್ಕ ಹೆಣಗಳನ್ನೆಲ್ಲ ಹಸಿ ಕಟ್ಟಿಗೆಯಲ್ಲೇ ಒಟ್ಟಿಗೆ ಸುಟ್ಟರು. ಕಾಕಾ ಆ ಊರು ಮುಟ್ಟುವಷ್ಟರಲ್ಲಿ ಉಳಿದದ್ದು ಬೂದಿ.

"ಮಲಗ್ಸಿ ಸುಟ್ರಲ್ಲೋ ಆಕೀಗಿ. ಕೂಡ್ಲಾಕ ಜಾಗಾ ಹುಡ್ಕೋತ ಅಲ್ಲೀತನಕ ಹೋಗ್ಯಾಳ ನೋಡು," ಎಂದರು. "ಪರತ್ ಒಮ್ಮೆ ಹಾಕು, ತಮ್ಮಾ."

ಮತ್ತೆ ಹಾಕಿದೆ. ಅವಳಿರಲಿಲ್ಲ. ಕಾಕಾ ಎದ್ದು ಮನೆಗೆ ಹೋದರು.

ಈಗಲೂ ಆಗಾಗ ಆ ಚಿತ್ರ ನೋಡುತ್ತೇನೆ. ಅವಳು ಕೂತಿದ್ದಲ್ಲಿ ಬರೀ ರಸ್ತೆ. ಆದರೆ ಆ ಜನ ಅಲ್ಲಿಗೆ ಬಂದೊಡನೆ ಎಡಕ್ಕೋ ಬಲಕ್ಕೋ ಸರಿದು, ಬಳಸಿಕೊಂಡು ಹೋಗುತ್ತಾರೆ. ಒಬ್ಬನಂತೂ ಟೋಪಿ ತೆಗೆದು ದಾಟುತ್ತಾನೆ.