ತೊಳೆದಿಟ್ಟ ರೋಲರ್

ಹಿಂದಿನ ಓಣಿ ಗುಡಿಸಲು ಬಂದ ಹೆಂಗಸಿಗೆ ಮೊದಲು ಕಂಡದ್ದು ಒಂದು ಚಪ್ಪಲಿ. ಯಾರೋ ಬಿಸಾಡಿದ್ದಿರಬೇಕೆಂದು ಪೊರಕೆಯಲ್ಲಿ ತಳ್ಳಿದಳು. ಇನ್ನೊಂದು ಚಪ್ಪಲಿ ಹಳೆ ಡಬ್ಬಗಳ ರಾಶಿಯ ಹಿಂದಿತ್ತು. ಅದು ಕಾಲಿನಲ್ಲಿತ್ತು.

ಸತ್ತವನನ್ನು ಬೀದಿಯವರೆಲ್ಲ ಗಡಿಯಾರದಣ್ಣ ಎಂದು ಕರೆಯುತ್ತಿದ್ದರು. ಐವತ್ತರ ಆಸುಪಾಸು. ಮದುವೆಯಿಲ್ಲ. ಕಟ್ಟಡದ ಕೊನೆಯ ಮಹಡಿಯಲ್ಲಿ ಒಬ್ಬನೇ ಇದ್ದುಕೊಂಡು ಕಂಡವರ ಕೆಟ್ಟ ಗಡಿಯಾರಗಳನ್ನೆಲ್ಲ ಸರಿಮಾಡಿಕೊಡುತ್ತಿದ್ದ. ತಲೆಯ ಮೇಲೆ ತಾರಸಿ. ಮಳೆ ಬಂದರೆ ಮನೆಯೊಳಗೂ ಮಳೆ. ಆ ತಾರಸಿಯಿಂದಲೇ ಬಿದ್ದಿದ್ದ.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ದಫೇದಾರರು ಕೇಸನ್ನು ಮುಗಿಸಿಯೇ ಬಿಟ್ಟಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು. ತಾರಸಿಗೆ ಬಿಳಿ ಕೋಟಿಂಗ್ ಬಳಿದು ಮುಗಿದಿದೆ. ಡಬ್ಬದ ಮುಚ್ಚಳ ಮುಚ್ಚಿದೆ. ರೋಲರನ್ನು ತೊಳೆದು, ಬಾಗಿಲ ಪಕ್ಕದ ನಲ್ಲಿಗೆ ತೂಗುಹಾಕಿದೆ. ಕೆಲಸದ ನಡುವೆ ಕಾಲು ಜಾರಿದವನು ರೋಲರ್ ತೊಳೆದಿಡುತ್ತಾನೆಯೇ? ಇಲ್ಲ. ಹಾಗಾದರೆ ಎಲ್ಲ ಒಪ್ಪವಾಗಿಟ್ಟು, ಹಿಂದುಗಡೆ ಅಡ್ಡಗೋಡೆ ಕುಸಿದಿರುವ ಜಾಗದಿಂದ ಹಾರಿದ್ದಾನೆ. ಇದು ಅವರ ಲೆಕ್ಕ.

“ಒಂಟಿ ಮನುಷ್ಯ, ಮೇಡಂ,” ಎಂದರು. “ಇನ್ನೇನು ಕಾರಣ ಬೇಕು?”

ಇನ್ಸ್‌ಪೆಕ್ಟರ್ ಕೂಡ ಒಂಟಿಯೇ. ಅವಳ ಮಲಗುವ ಕೋಣೆಯಲ್ಲೂ ಒಂದು ಬಕೆಟ್ ಇತ್ತು, ಸೂರಿನಿಂದ ತೊಟ್ಟಿಕ್ಕುವ ನೀರಿಗಾಗಿ. ಈ ಮಳೆಗಾಲವೆಲ್ಲ ಅವಳು ಅಂಗಡಿ ಅಂಗಡಿ ಅಲೆದು, ಡಬ್ಬಗಳ ಹಿಂದಿನ ಸಣ್ಣಕ್ಷರ ಓದಿ, ಬಿರುಕು ತುಂಬುವ ಯಾವ ಸೀಲಂಟ್ ಬಿಸಿಲಿಗೆ ಬಿರಿಯುವುದಿಲ್ಲ, ಯಾವ ಕೋಟಿಂಗ್ ನೀರು ನಿಂತರೆ ಏಳುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದಳು. ಕೊನೆಗೊಂದು ಮೂಲೆ ಬಳಿದು, ಸಾಕಾಗಿ, ರೋಲರನ್ನು ಹಾಗೆಯೇ ಬಿಟ್ಟು ಬಂದಿದ್ದಳು. ಅದು ಈಗ ಕಲ್ಲಾಗಿ ಕೂತಿದೆ. ಸೋರುವ ಸೂರಿಗೆ ಮದ್ದು ಹುಡುಕುವವನು ಸಾಯಲು ಹೊರಟವನಂತೆ ಅವಳಿಗೆ ಕಾಣಲಿಲ್ಲ. ಆದರೆ ಅನಿಸಿಕೆಯನ್ನು ಕೋರ್ಟು ಕೇಳುವುದಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಸತ್ತವನ ತಂಗಿ ಬಂದಳು. ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡ ತೀರಿಹೋಗಿ ವರ್ಷವಾಗಿತ್ತು. ಅಳಲಿಲ್ಲ. ಅಣ್ಣನ ಮೇಜಿನ ಮುಂದೆ, ಬಿಚ್ಚಿಟ್ಟ ಗಡಿಯಾರಗಳ ನಡುವೆ ಕೂತು, ಒಂದೇ ಪ್ರಶ್ನೆ ಕೇಳಿದಳು.

“ನಿನ್ನೆ ಸಂಜೆ ಅಣ್ಣ ಫೋನ್ ಮಾಡಿದ್ದ. ಡ್ಯೂಟೀಲಿದ್ದೆ. ಆಮೇಲೆ ಮಾತಾಡ್ತೀನಿ ಅಂತ ಕಟ್ ಮಾಡ್ದೆ. ಇಷ್ಟು ಹೇಳಿ ಮೇಡಂ, ಅವನು ಹಾರಿದ್ನಾ?”

ದಫೇದಾರರು ಆಗಲೇ ಹೌದೆಂದು ಹೇಳಿಬಿಟ್ಟಿದ್ದರು. ಆ ಹೌದು ಅವಳ ಮುಖದ ಮೇಲೆ ಕೂತಿತ್ತು. ಅದನ್ನು ಹೊತ್ತುಕೊಂಡೇ ಅವಳು ಉಳಿದ ಬದುಕನ್ನು ಕಳೆಯಬೇಕಾಗುತ್ತದೆಂದು ಇನ್ಸ್‌ಪೆಕ್ಟರಿಗೆ ಅನಿಸಿತು. ಸಂಜೆಯೊಳಗೆ ಹೇಳುತ್ತೇನೆ ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ತಾರಸಿ ಬೆಳ್ಳಗೆ ಹೊಳೆಯುತ್ತಿತ್ತು. ಅಚ್ಚುಕಟ್ಟಾದ ಕೈ. ಹಿಂದಿನ ಅಂಚಿನಿಂದ ಶುರುವಾದ ರೋಲರಿನ ಗೆರೆಗಳು ಒಂದರ ಪಕ್ಕ ಒಂದು ಹಿಂದೆ ಸರಿಯುತ್ತ ಬಂದು ಮೆಟ್ಟಿಲ ಬಾಗಿಲ ಬಳಿ ನಿಂತಿದ್ದವು. ಅನುಭವ ಇದ್ದವರು ಬಳಿಯುವುದೇ ಹಾಗೆ, ಹಸಿಯನ್ನು ತುಳಿಯಬಾರದಲ್ಲ. ಅವಳು ಡಬ್ಬವನ್ನು ತಿರುಗಿಸಿದಳು. ರಾತ್ರಿಯಿಡೀ ಒಣಗಲು ಬಿಡಿ ಎಂದಿತ್ತು. ಬಗ್ಗಿ ನೋಡಿದಳು. ದಫೇದಾರರ ಬೂಟಿನ ಧೂಳು ಬಿಟ್ಟರೆ ಬಾಗಿಲಿನಿಂದ ಅಂಚಿನವರೆಗೆ ಒಂದೇ ಒಂದು ಹೆಜ್ಜೆಯ ಗುರುತಿಲ್ಲ. ಡಾಕ್ಟರು, ಕತ್ತಲಾಗುವ ಮೊದಲೇ ಪ್ರಾಣ ಹೋಗಿದೆ ಎಂದಿದ್ದರು.

ಅಂಚಿನ ಉದ್ದಕ್ಕೂ, ಚಪ್ಪಡಿಗಳು ಕೂಡುವ ಜಾಗದಲ್ಲಿ, ಕೋಟಿಂಗ್ ಸಣ್ಣಗೆ ಕುಗ್ಗಿತ್ತು. ಅವಳು ಬೀಗದ ಕೈಯಿಂದ ಒತ್ತಿದಳು. ಹಾಲಿನ ಕೆನೆಯಂತೆ ಒಳಗೆ ಹೋಯಿತು. ಕೆಳಗೆ ಸೀಲಂಟ್ ಇರಲಿಲ್ಲ. ಬರೀ ಸಂದು, ಅಂಚಿನಲ್ಲಿ ಕಿತ್ತುಳಿದ ಬೂದು ಚೂರುಗಳು. ಇನ್ನೊಂದು ಕಡೆ ಒತ್ತಿದಳು, ಅಲ್ಲೂ ಖಾಲಿ. ಟ್ಯಾಂಕಿನ ಪಕ್ಕದ ಸಂದಿನಲ್ಲಿ ಮಾತ್ರ ಬೂದು ಬಣ್ಣದ ಸೀಲಂಟ್ ರಬ್ಬರಿನಂತೆ ತುಂಬಿಕೊಂಡಿತ್ತು. ಸತ್ತವನ ಬೆರಳುಗಳಲ್ಲಿದ್ದುದೂ ಅದೇ ಬೂದು. ಅಂಗಿ, ಪ್ಯಾಂಟು, ಚಪ್ಪಲಿ ಎಲ್ಲೂ ಬಿಳಿಯ ಒಂದು ಹನಿಯಿರಲಿಲ್ಲ.

ಸಂದುಗಳನ್ನು ತುಂಬಿದ್ದಾನೆ. ಯಾರೋ ಕಿತ್ತಿದ್ದಾರೆ. ಯಾರಿಗೆ ಬೇಕಿತ್ತು ಈ ಸೂರು ಸೋರುವುದು?

*

ಮೊದಲ ಅನುಮಾನ ಮನೆ ಓನರ್ ಮೇಲೆ. ಕಳೆದ ವರ್ಷ ಮನೆ ಖಾಲಿ ಮಾಡು ಎಂದು ಅವನು ಕೂಗಾಡಿದ್ದನ್ನು ಬೀದಿಯೆಲ್ಲ ಕೇಳಿತ್ತು. ದಫೇದಾರರು ಹುಮ್ಮಸ್ಸಿನಿಂದ ಎಳೆದು ತಂದರು. ಓನರ್ ಅಲ್ಲಗಳೆಯಲಿಲ್ಲ. ಸೂರು ಅವನ ತಲೆ ಮೇಲೆ ಬೀಳುತ್ತದೆಂದು ಹೆದರಿ ಬಿಡಲು ಹೇಳಿದ್ದೆ, ತಾನೇ ರಿಪೇರಿ ಮಾಡುತ್ತೇನೆಂದಾಗ ಜೊತೆಯಲ್ಲಿ ಅಂಗಡಿಗೆ ಹೋಗಿ ಡಬ್ಬ ಹೊತ್ತು ತಂದವನೂ ನಾನೇ ಎಂದ. ನಿನ್ನೆ ಸಂಜೆಯೆಲ್ಲ ಮಗಳ ಶಾಲೆಯ ಸಭೆಯಲ್ಲಿದ್ದ. ಶಾಲೆಯವರೂ ಹೌದೆಂದರು. ದಫೇದಾರರ ಮುಖ ಸಪ್ಪಗಾಯಿತು.

ಅಂಗಡಿಯವನಿಗೆ ಗಡಿಯಾರದಣ್ಣ ಚೆನ್ನಾಗಿ ನೆನಪಿದ್ದ. ಕೊಳ್ಳುವವರಲ್ಲಿ ಅಷ್ಟು ತಲೆ ತಿನ್ನುವವರು ಅಪರೂಪ ಎಂದ. ಕಡಿಮೆ ಬಾಳಿಕೆಯದನ್ನು ಮುಟ್ಟಲೂ ಇಲ್ಲವಂತೆ. ಹತ್ತು ವರ್ಷ ಬಾಳುವುದೇ ಬೇಕು ಎಂದನಂತೆ. ಬಣ್ಣದಲ್ಲಿ ಮಾತ್ರ ತೀರ್ಮಾನವಾಗಲಿಲ್ಲ. ಬಿಳಿಯೋ, ಇಟ್ಟಿಗೆ ಕೆಂಪೋ?

“ನಿನ್ನೆ ಬೆಳಿಗ್ಗೆ ಬಿಳೀದೇ ತಗೊಂಡ್ರು. ಆದ್ರೆ ತಂಗೀನ ಕೇಳಿ ಹೇಳ್ತೀನಿ, ಅವಳಿಗಿಷ್ಟ ಆಗಿಲ್ಲ ಅಂದ್ರೆ ನಾಳೆ ಬದಲಾಯಿಸಿ ಕೊಡ್ಬೇಕು ಅಂದ್ರು,” ಎಂದ ಅಂಗಡಿಯವನು. “ಡಬ್ಬದ ಸೀಲ್ ಒಡೀದೆ ಇದ್ರೆ ಆಯ್ತು ಅಂದೆ.”

ಇನ್ಸ್‌ಪೆಕ್ಟರ್ ಅಲ್ಲಿಂದಲೇ ತಂಗಿಗೆ ಫೋನ್ ಮಾಡಿ, ಅಣ್ಣನ ಮನೆಗೆ ಬರುವ ಮಾತು ಏನಾದರೂ ಇತ್ತೇ ಎಂದು ಕೇಳಿದಳು. ಇತ್ತು. ಅಣ್ಣ ವರ್ಷದಿಂದ ಕರೆಯುತ್ತಿದ್ದ. ನಿನ್ನ ಮನೆ ಸೋರುವುದು ನಿಂತ ಮೇಲೆ ಬರುತ್ತೇನೆ ಎಂದು ಇವಳು ತಮಾಷೆಗೆ ಹೇಳಿದ್ದಳು.

*

ಕೆಳಗಿನ ಮಹಡಿಯ ಬಾಡಿಗೆದಾರನನ್ನು ಎಲ್ಲರೂ ಬೋರ್ಡ್ ಮಾಮ ಎನ್ನುತ್ತಿದ್ದರು. ಅಂಗಡಿಗಳ ಬೋರ್ಡು ಬರೆದು ವಯಸ್ಸಾದವನು. ಅಚ್ಚು ಹಾಕಿದ ಬ್ಯಾನರುಗಳು ಬಂದ ಮೇಲೆ ಅವನನ್ನು ಕೇಳುವವರಿರಲಿಲ್ಲ. ಬೆಳಿಗ್ಗೆ ಅವನೇ ಹೇಳಿಕೆ ಕೊಟ್ಟಿದ್ದ. ಸಂಜೆ ಟ್ಯಾಂಕು ನೋಡಲು ಮೇಲೆ ಹೋಗಿದ್ದೆ, ಪಾಪ ಒಬ್ಬನೇ ಬಿಳಿ ಬಳಿಯುತ್ತಿದ್ದ, ಮುಖ ಸರಿಯಿರಲಿಲ್ಲ ಎಂದು.

ಅವನ ಮನೆ ಒಂದೇ ಕೋಣೆ. ಗೋಡೆಗೆ ಬ್ರಷ್ಷುಗಳು. ಎಷ್ಟೋ ವರ್ಷದಿಂದ ಬಣ್ಣ ಕಾಣದಿದ್ದರೂ ಒಂದೊಂದೂ ತೊಳೆದಂತೆ ಸ್ವಚ್ಛವಾಗಿದ್ದವು. ಮೂಲೆಯಲ್ಲಿ ಸುತ್ತಿಟ್ಟ ಎರಡನೇ ಹಾಸಿಗೆ. ಮೇಜಿನ ಮೇಲೆ ಅರ್ಧಕ್ಕೆ ನಿಂತ ಚದುರಂಗದಾಟ, ಎರಡು ಲೋಟ. ಒಬ್ಬನೇ ಇರುವವನ ಮನೆಯಲ್ಲಿ ಎರಡನೇ ಲೋಟ ಎದ್ದು ಕಾಣುತ್ತದೆ. ಇನ್ಸ್‌ಪೆಕ್ಟರಿಗೆ ಅದು ಗೊತ್ತಿತ್ತು. ಹಾಸಿಗೆ ಯಾರದ್ದೆಂದು ಕೇಳಿದಳು.

“ಅವನದ್ದೇ ಅಮ್ಮಾ. ಮಳೆಗಾಲದಲ್ಲಿ ಇಲ್ಲೇ ಮಲಗ್ತಿದ್ದ. ಮೇಲೆ ಸೋರ್ತಿತ್ತಲ್ಲ.”

ಅವಳು ಚೀಲದಿಂದ ರೋಲರ್ ತೆಗೆದು ಚದುರಂಗದ ಪಕ್ಕ ಇಟ್ಟಳು. ಮುದುಕ ಅದರತ್ತ ನೋಡಲಿಲ್ಲ. ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ನಿಮ್ಮ ಗೆಳೆಯ ನಿನ್ನೆ ಆ ಡಬ್ಬ ತೆರೆದೇ ಇಲ್ಲ, ಮಾಮ,” ಎಂದಳು. “ತಂಗಿ ಬಣ್ಣ ಹೇಳೋವರೆಗೂ ಸೀಲ್ ಒಡೆಯೋ ಹಾಗಿರಲಿಲ್ಲ. ತಂಗಿಗೆ ಮಾತಾಡೋಕೆ ಆಗಲಿಲ್ಲ. ಅವನು ಬಿಳಿ ಬಳೀತಿದ್ದಿದ್ದನ್ನ ನೀವು ಹೇಗೆ ನೋಡಿದ್ರಿ?”

ಅವಳು ಒಂದೊಂದಾಗಿ ಹೇಳುತ್ತ ಹೋದಳು. ಬಳಿಯುತ್ತ ಬಿದ್ದಿದ್ದರೆ ರೋಲರನ್ನು ತೊಳೆದವರು ಯಾರು? ತೊಳೆದಿಟ್ಟು ಹಾರಿದ್ದರೆ, ಹಸಿ ಕೋಟಿಂಗಿನ ಮೇಲೆ ಹೆಜ್ಜೆ ಮೂಡದೆ ಅಂಚಿಗೆ ಹೋದದ್ದು ಹೇಗೆ? ಇಡೀ ತಾರಸಿ ಬಳಿದವನ ಮೈಮೇಲೆ ಒಂದು ಹನಿ ಬಿಳಿಯಿಲ್ಲವೇಕೆ? ಅವನು ಬಿದ್ದ ಮೇಲೆ ಬೇರೆ ಯಾರೋ ಬಳಿದಿದ್ದಾರೆ, ಕಿತ್ತುಹಾಕಿದ ಸಂದುಗಳು ಕಾಣಬಾರದೆಂದು. ಬಳಿದವನು ಹಿಂದೆ ಸರಿಯುತ್ತ ಬಾಗಿಲಿಗೆ ಬಂದಿದ್ದಾನೆ. ಬಂದವನು ಸುಮ್ಮನೆ ಹೋಗಬಹುದಿತ್ತು. ರೋಲರನ್ನು ಅಂಚಿನ ಕಡೆ ಎಸೆದು ಹೋಗಿದ್ದರೆ ಜಾರಿಬಿದ್ದ ಕಥೆಯನ್ನು ಎಲ್ಲರೂ ನಂಬುತ್ತಿದ್ದರು.

“ಆದ್ರೆ ನಿಮ್ಮ ಕೈ ಕೇಳಲಿಲ್ಲ. ಬಣ್ಣ ಮೆತ್ತಿಕೊಂಡ ರೋಲರನ್ನ ಹಾಗೇ ಬಿಟ್ಟು ಹೋಗೋಕೆ ಪೇಂಟರಿಗೆ ಆಗಲ್ಲ. ನಾನಾಗಿದ್ರೆ ಬಿಟ್ಟು ಹೋಗ್ತಿದ್ದೆ.”

ರೋಲರಿನ ಹಿಡಿಯಲ್ಲಿ ತಂತಿಯ ಕೊಕ್ಕೆಯಿತ್ತು, ತುದಿಯನ್ನು ಎರಡು ಸಲ ತಿರುಚಿದ್ದು. ಗೋಡೆಯ ಮೇಲಿನ ಪ್ರತಿ ಬ್ರಷ್ಷೂ ಅಂಥದೇ ಕೊಕ್ಕೆಯಿಂದ ತೂಗುತ್ತಿತ್ತು.

ಮುದುಕ ಬಾಯಿಬಿಟ್ಟ.

“ಮಳೆ ಬಂದ್ರೆ ಬರ್ತಿದ್ದ, ಅಮ್ಮಾ.”

ಉಳಿದದ್ದು ತುಂಡು ತುಂಡಾಗಿ ಬಂತು. ಪ್ರತಿ ವರ್ಷ ಗಡಿಯಾರದಣ್ಣ ಬಿರುಕು ತುಂಬುವುದು, ಪ್ರತಿ ವರ್ಷ ಇವನು ಕದ್ದು ಹೋಗಿ ಕೀಳುವುದು. ಮೊದಲ ಮಳೆಗೆ ಹಾಸಿಗೆ ಕೆಳಗೆ ಬರುತ್ತಿತ್ತು. ಊಟ, ಚದುರಂಗ, ದೀಪ ಆರಿಸಿದ ಮೇಲೂ ಮುಗಿಯದ ಮಾತು. ಮಳೆ ನಿಂತರೆ ಮತ್ತೆ ಈ ಗೋಡೆಗಳು. ಈ ಸಲ ತಂಗಿ ಬರುತ್ತಾಳೆಂದು ಹತ್ತು ವರ್ಷದ ಮದ್ದು ತಂದ. ಹತ್ತು ವರ್ಷ ತಾನು ಬದುಕುವುದೇ ಅನುಮಾನ ಎನಿಸಿತಂತೆ ಇವನಿಗೆ. ಅವನು ಗಡಿಯಾರ ಕೊಡಲು ಹೊರಗೆ ಹೋದಾಗ ಇವನು ಹಸಿ ಸೀಲಂಟನ್ನು ಕೀಳತೊಡಗಿದ. ಅವನು ಬೇಗ ಬಂದುಬಿಟ್ಟ. ಇಷ್ಟು ವರ್ಷ ನೀನೇನಾ ಎಂದು ಕೇಳಿ ಇವನ ಕೈ ಹಿಡಿದ. ಬಿಡಿಸಿಕೊಳ್ಳಲು ಇವನು ತಳ್ಳಿದ. ಅಲ್ಲಿ ಅಡ್ಡಗೋಡೆ ಇರಲಿಲ್ಲ.

“ಕೆಳಗೆ ಹೋಗಿ ನೋಡ್ದೆ. ಉಸಿರಿರಲಿಲ್ಲ. ಮೇಲೆ ಬಂದು... ಅವನ ಕೆಲಸ ಆದ್ರೂ ಮುಗೀಲಿ ಅಂತ ಬಳಿದೆ.”

“ಇಲ್ಲ ಮಾಮ. ಕಾಣಬಾರದು ಅಂತ ಬಳಿದ್ರಿ.”

ಮುದುಕ ತಲೆ ತಗ್ಗಿಸಿದ. ಇನ್ಸ್‌ಪೆಕ್ಟರಿಗೆ ಕೋಪ ಬರಬೇಕಿತ್ತು. ಬಂತು, ಆದರೆ ಅದರ ಜೊತೆಗೇ ಹೆದರಿಕೆಯೂ ಬಂತು. ಎರಡನೇ ಲೋಟಕ್ಕಾಗಿ ಮನುಷ್ಯ ಎಲ್ಲಿಯವರೆಗೆ ಹೋಗಬಹುದು ಎಂಬುದು ಅವಳಿಗೆ ಪೂರ್ತಿ ಅರ್ಥವಾಗಿತ್ತು. ಹೊರಡುವಾಗ ಅವನು, ಕರೆದೊಯ್ಯಲು ಬಂದ ದಫೇದಾರರ ಅನುಮತಿ ಕೇಳಿ, ಲೋಟಗಳನ್ನು ತೊಳೆದಿಟ್ಟು ಬಂದ.

*

ಮೇಲೆ ತಂಗಿ ಅದೇ ಕುರ್ಚಿಯಲ್ಲಿದ್ದಳು. ಇನ್ಸ್‌ಪೆಕ್ಟರ್ ನಿಂತೇ ಹೇಳಿದಳು.

“ಹಾರಿಲ್ಲ. ಅವರಿಗೆ ಸಾಯೋ ಯೋಚನೆಯೇ ಇರಲಿಲ್ಲ. ಫೋನ್ ಮಾಡಿದ್ದು ತಾರಸಿಗೆ ಯಾವ ಬಣ್ಣ ಅಂತ ಕೇಳೋಕೆ. ಬಿಳಿಯೋ ಕೆಂಪೋ ಅಂತ.”

ತಂಗಿ ಆಗ ಅತ್ತಳು. ಬೆಳಿಗ್ಗೆಯಿಂದ ತಡೆದದ್ದನ್ನೆಲ್ಲ ಅತ್ತಳು. ಕೆಳಮನೆಯವನ ವಿಷಯ ಕೇಳಿಸಿಕೊಂಡು ತಲೆಯಾಡಿಸಿದಳು ಅಷ್ಟೇ. ಅಷ್ಟರಲ್ಲಿ ಮಳೆ ಹಿಡಿಯಿತು. ತಾರಸಿ ಮೇಲೆ ಬೆಳ್ಳಗಿತ್ತು, ಒಳಗೆ ಸಂದುಗಳು ಖಾಲಿಯಿದ್ದವು. ನೋಡುನೋಡುತ್ತಿದ್ದಂತೆ ಮೇಜಿನ ಮೇಲೆ ಒಂದು ಹನಿ ಬಿತ್ತು. ಇಬ್ಬರೂ ಎದ್ದು ಗಡಿಯಾರಗಳನ್ನು ಪಕ್ಕಕ್ಕೆ ಸರಿಸಿದರು. ತಂಗಿ ಅಡುಗೆಮನೆಯಿಂದ ಪಾತ್ರೆ ತಂದು ಹನಿಯ ಕೆಳಗಿಟ್ಟಳು.

“ನಾನು ಇಲ್ಲೇ ಇರ್ತೀನಿ,” ಎಂದಳು. “ಬರ್ತೀನಿ ಅಂದಿದ್ದೆ.”

ಇನ್ಸ್‌ಪೆಕ್ಟರ್ ಟೋಪಿ ಕೈಗೆತ್ತಿಕೊಂಡು ಬಾಗಿಲವರೆಗೆ ಹೋದಳು. ಹೋಗಿ ನಿಂತಳು. ತನ್ನ ಮನೆಯ ಬಕೆಟ್ ಇಷ್ಟರಲ್ಲಿ ತುಂಬಿರುತ್ತದೆ.

“ಸಂದುಗಳನ್ನೆಲ್ಲ ಬಿಡಿಸಿ ಮತ್ತೆ ತುಂಬಬೇಕು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ನನ್ನ ಹತ್ರ ಸೀಲಂಟ್ ಇದೆ, ಭಾನುವಾರ ಬರ್ಲಾ?”

ತಂಗಿ ಸೂರನ್ನೇ ನೋಡುತ್ತಿದ್ದಳು.

“ಕೆಂಪು ಸಿಗುತ್ತಾ, ಮೇಡಂ? ಅವನು ಕೇಳಿದ್ರೆ ಕೆಂಪು ಅಂತಿದ್ದೆ.”