ಮೂವರ ಕೈಯ ಎಲೆಗಳು

ಬಹಳ ಬಹಳ ಹಿಂದೆ, ಏಳು ಗುಡ್ಡಗಳ ಆಚೆ ಹೊನ್ನಗಾವಿ ಎಂಬ ರಾಜ್ಯವಿತ್ತು. ಒಂದು ಬೆಳಿಗ್ಗೆ ಧೂಮಕೇಶನೆಂಬ ಮಾಂತ್ರಿಕ ಅಲ್ಲಿಗೆ ಬಂದು ಚಿಟಿಕೆ ಹೊಡೆದ. ರಾಜ, ರಾಣಿ, ಅಡುಗೆಯವರು, ಆನೆಗಳು, ಎಲ್ಲರೂ ಹೆಬ್ಬೆರಳುದ್ದದ ಮರದ ಕಾಯಿಗಳಾಗಿ ಅವನ ಆಟದ ಹಾಸಿನ ಮೇಲೆ ಉದುರಿದರು.

ಊರ ಹೊರಗಿದ್ದ ಮೂವರು ಮಾತ್ರ ಉಳಿದರು. ಬೇಟೆಗೆ ಹೋಗಿದ್ದ ಯುವರಾಜ ಉದಯಾದಿತ್ಯ, ಕೆರೆಯಲ್ಲಿ ಮೀಯುತ್ತಿದ್ದ ಮುದಿ ದಳವಾಯಿ ಬಿಟ್ಟಯ್ಯ, ಮತ್ತು ಭತ್ತ ಕುಟ್ಟುವ ಸಿಂಗಾರಿ. ಮೂವರೂ ಊರಿಗೆ ಮರಳಿದಾಗ, ಹಾಸಿನ ಮೇಲೆ ಕಾಯಿಯಾಗಿದ್ದ ತನ್ನ ಅವ್ವನನ್ನು ಕಂಡು ಸಿಂಗಾರಿ ಅತ್ತ ಧಾವಿಸಿದಳು.

"ಮೂವರೂ ಒಂದೇ ಪಕ್ಷವಾಗಿ ಆಡಿ," ಎಂದ ಧೂಮಕೇಶ. "ನನ್ನ ಮೂರು ಮೃಗಗಳನ್ನು ಸೋಲಿಸಿದರೆ ನಿಮ್ಮ ಜನ ನಿಮಗೆ. ಅವುಗಳಲ್ಲಿ ಒಂದಾದರೂ ಹಾಸಿನ ತುದಿಯಲ್ಲಿರುವ ಅರಮನೆಯ ಮನೆ ಮುಟ್ಟಿದರೆ ನೀವೂ ಕಾಯಿಗಳೇ."

ಆಮೇಲೆ ಮೂವರಿಗೂ ಆಟದ ಎಲೆಗಳನ್ನು ಹಂಚಿದ. ಎಲೆಯಲ್ಲಿ ಬರೆದದ್ದು ಹಾಸಿನ ಮೇಲೆ ನಿಜವಾಗುತ್ತಿತ್ತು.

ಮೊದಲು ಬೆಂಕಿಯ ಹುಲಿ ಬಂತು. ಯುವರಾಜ ಗುರಾಣಿಯ ಎಲೆ ಹಾಕಿದ, ಅದೇ ಗಳಿಗೆಗೆ ಬಿಟ್ಟಯ್ಯ ಮಳೆಯ ಎಲೆ ಹಾಕಿದ.

"ನನ್ನದು ಮೊದಲು!"

"ಎಲ್ಲಿಯ ಮೊದಲು, ಯುವರಾಜರೇ? ನನ್ನ ಎಲೆ ಬಿದ್ದ ಸದ್ದು ಕೇಳಲಿಲ್ಲವೇ?"

ಅವರ ಒಂದೊಂದು ಮಾತಿಗೂ ಹುಲಿ ಒಂದೊಂದು ಮನೆ ಮುಂದೆ ಬಂತು. ಧೂಮಕೇಶ ಮೀಸೆಯೊಳಗೇ ನಕ್ಕ.

"ಸುಮ್ಮನಿರಿ ಇಬ್ಬರೂ! ಎಲೆ ಓದಿ!" ಎಂದು ಸಿಂಗಾರಿ ಕೂಗಿದಳು. ಗುರಾಣಿಯ ಮೇಲೆ 'ಹುಲಿ ಹಾರುವ ಮುನ್ನ' ಎಂದಿತ್ತು. ಮಳೆಯ ಮೇಲೆ 'ಹುಲಿ ಹಾರಿದ ಮೇಲೆ' ಎಂದಿತ್ತು. "ಎರಡಕ್ಕೂ ಅದರದರ ಹೊತ್ತಿದೆ. ಜಗಳ ಯಾಕೆ?"

ಹುಲಿ ಹಾರಿ ಗುರಾಣಿಗೆ ಬಡಿದುಕೊಂಡಿತು. ಮೇಲಿಂದ ಮಳೆ ಸುರಿಯಿತು. ಒದ್ದೆ ಬೆಕ್ಕಾಗಿ ಮಿಯಾಂವ್ ಎಂದು ಓಡಿಹೋಯಿತು.

ಎರಡನೆಯದಾಗಿ ಕಲ್ಲಿನ ಹಾವು ಬಂತು. ಯುವರಾಜ ಕೊಳಲು ಹಾಕಿದ, ಬಿಟ್ಟಯ್ಯ ಗರುಡನನ್ನು ಹಾಕಿದ. ಓದಿ ನೋಡಿದರೆ ಎರಡರ ಮೇಲೂ 'ಹಾವು ಹೆಡೆ ಎತ್ತಿದಾಗ' ಎಂದೇ ಇತ್ತು! ಮತ್ತೆ ಮಾತಿಗೆ ಮಾತು ಬೆಳೆಯಿತು. ಹಾವು ಸರಸರನೆ ಮೂರು ಮನೆ ದಾಟಿತು.

"ಭತ್ತ ಕುಟ್ಟುವಾಗ ಒಂದೇ ಒರಳಿಗೆ ಮೂವರು ಹೆಂಗಸರು ಒನಕೆ ಹಾಕುತ್ತೇವೆ," ಎಂದಳು ಸಿಂಗಾರಿ. "ಸರದಿ ಬಿಟ್ಟರೆ ಒನಕೆಗೆ ಒನಕೆ ತಾಗುತ್ತದೆ. ಈಗ ಯಾರ ಸರದಿ?"

"ಹುಲಿಯ ಸರದಿ ಯುವರಾಜರದಾಯಿತು, ಇದು ನನ್ನದು," ಎಂದ ಬಿಟ್ಟಯ್ಯ.

"ಹಾಗಾದರೆ ಯಾವುದು ಮೊದಲೆಂದು ನೀವೇ ಹೇಳಿ, ತಾತ. ನಾವು ಕೇಳುತ್ತೇವೆ."

ಮುದುಕ ತನ್ನ ಗರುಡನನ್ನು ಆಸೆಯಿಂದ ನೋಡಿದ. ಆಮೇಲೆ, "ಕೊಳಲೇ ಮೊದಲು. ಎಚ್ಚರವಿದ್ದ ಹಾವನ್ನು ಗರುಡ ಎತ್ತಲಾರ," ಎಂದ. ಕೊಳಲಿಗೆ ಹಾವು ತೂಕಡಿಸಿತು. ಗರುಡ ಅದನ್ನು ಎತ್ತಿಕೊಂಡು ಏಳು ಗುಡ್ಡಗಳಾಚೆ ಎಸೆದ. ಯುವರಾಜ ನಾಚಿ ಮುದುಕನ ಕೈ ಹಿಡಿದುಕೊಂಡ.

ಧೂಮಕೇಶನ ಮೀಸೆ ಇಳಿಯಿತು. ಅವನು ಕರಿ ಕುದುರೆಯನ್ನು ಬಿಟ್ಟು, ಜೊತೆಗೆ ಒಂದು ಕಪ್ಪು ಎಲೆಯನ್ನು ಕವುಚಿ ಇಟ್ಟ.

ಈಗ ಸರದಿ ಸಿಂಗಾರಿಯದು. ಅವಳ ಕೈಯಲ್ಲಿ ಗಂಟೆಯಿತ್ತು, ಯುವರಾಜನ ಕೈಯಲ್ಲಿ ಬಾಣ. ಎರಡರ ಮೇಲೂ 'ಕುದುರೆ ಕೆನೆದಾಗ' ಎಂದಿತ್ತು. ಗಂಟೆ ಬಾರಿಸಿದರೆ ಕಾಯಿಗಳಲ್ಲಿ ಒಬ್ಬರು ಬಿಡುಗಡೆಯಾಗುತ್ತಾರೆ ಎಂದೂ ಅವಳ ಎಲೆಯಲ್ಲಿ ಬರೆದಿತ್ತು. ಅವ್ವ ಎದುರಿಗೇ ಇದ್ದಳು! ಆದರೆ ಅಷ್ಟರಲ್ಲಿ ಕುದುರೆ ಅರಮನೆ ಮುಟ್ಟಿದರೆ ಉಳಿದವರ ಗತಿಯೇನು?

"ನೀನು ಹೇಳಿದ್ದೇ ಸರಿ, ಸಿಂಗಾರಿ," ಎಂದ ಯುವರಾಜ. "ನನ್ನದೇನೂ ತಕರಾರಿಲ್ಲ."

ಸಿಂಗಾರಿ ಕಣ್ಣೊರೆಸಿಕೊಂಡಳು. "ಬಾಣ ಮೊದಲು."

ಕುದುರೆ ಕೆನೆಯಿತು. ಬಾಣ ಹಾರಿತು. ಕುದುರೆ ಹೊಗೆಯಾಗಿ ಕರಗಿತು.

ಧೂಮಕೇಶ ಗಡಬಡಿಸಿ ಕಪ್ಪು ಎಲೆ ಮಗುಚಿದ. ಅದರ ಮೇಲೆ, 'ಕೊನೆಯ ಮೃಗ ಬಂದ ಮೇಲೆ ಇವರು ಜಗಳವಾಡಿದರೆ ಆಟ ನನ್ನದು. ಜಗಳವಾಡದಿದ್ದರೆ ನಾನೇ ಇಲ್ಲ' ಎಂದಿತ್ತು.

"ಯಾರಾದರೂ ಒಂದು ಮಾತು ಆಡ್ರಪ್ಪಾ!" ಎಂದು ಅಂಗಲಾಚಿದ. "ದಳವಾಯಿಗಳೇ, ಯುವರಾಜ ನಿಮ್ಮನ್ನು ಮುದಿಗೂಬೆ ಅಂದುಕೊಂಡಿದ್ದಾನೆ!"

"ಅಂದುಕೊಳ್ಳಲಿ ಬಿಡಯ್ಯ, ವಯಸ್ಸಾಗಿರೋದು ನಿಜವೇ," ಎಂದ ಬಿಟ್ಟಯ್ಯ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲುವಷ್ಟರಲ್ಲಿ ಧೂಮಕೇಶನೂ ಇರಲಿಲ್ಲ, ಅವನ ಕಪ್ಪು ಎಲೆಯೂ ಇರಲಿಲ್ಲ.

ಹಾಸಿನಿಂದ ರಾಜ ಎದ್ದ, ಆನೆಗಳು ಎದ್ದವು, ಅಡುಗೆಯವರು ಸೌಟು ಹಿಡಿದೇ ಎದ್ದರು. ಸಿಂಗಾರಿ ಓಡಿಹೋಗಿ ಅವ್ವನನ್ನು ತಬ್ಬಿಕೊಂಡಳು. ಒಂಬತ್ತು ದಿನ ಊರಿಗೆಲ್ಲ ಪಾಯಸದೂಟ. ಆಮೇಲೂ ಹೊನ್ನಗಾವಿಯ ಜನ ವಾದ ಮಾಡುವುದನ್ನೇನೂ ಬಿಡಲಿಲ್ಲ. ಆದರೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರುಮಾಡುತ್ತಿದ್ದರು, ಹಾಗೇ ನೂರು ವರ್ಷ ಸುಖವಾಗಿ ಬಾಳಿದರು.