ಕೊರಳಲ್ಲಿ ಹುಲಿಯುಗುರು

ಹುಲಿಯುಗುರನ್ನು ಸ್ವೆಟರಿನೊಳಗೆ ಮುಚ್ಚಿಟ್ಟುಕೊಂಡು ನಾನು ಬೇಟೆಗಾರರ ವಿರುದ್ಧ ಮಾತಾಡಲು ಎದ್ದು ನಿಂತೆ.

ಹಾರ್ಬೋರ್ನ್ ಎಂಬ ಇಂಗ್ಲಿಷ್ ಊರಿನ ಚರ್ಚ್ ಹಾಲ್. 2006ರ ಅಕ್ಟೋಬರ್, ಶನಿವಾರ ಮಧ್ಯಾಹ್ನ. ಕನ್ನಡ ಬಳಗದವರು ಒಂದು ಚರ್ಚೆ ಇಟ್ಟಿದ್ದರು. ಅಳಿವಿನಂಚಿನ ಪ್ರಾಣಿಗಳನ್ನು ಶೋಕಿಗೆ ಬೇಟೆಯಾಡಿ, ಅವುಗಳ ತಲೆ, ಚರ್ಮ, ಉಗುರುಗಳನ್ನು ಈ ದೇಶಕ್ಕೆ ತರುವುದನ್ನು ಕಾನೂನು ಪೂರ್ತಿಯಾಗಿ ನಿಷೇಧಿಸಬೇಕೇ? ನಾನು ಹೌದು ಎನ್ನುವ ಕಡೆ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳೆಂದು ಕಾರ್ಯದರ್ಶಿ ಉಮಾ ನನ್ನನ್ನು ಬಿಡದೆ ಕರೆತಂದಿದ್ದರು. ನನ್ನ ಗಂಡ ಗುರುಕಿರಣ್ ಹೋದ ಮೇಲೆ, ಮೂರು ವರ್ಷ, ಆಸ್ಪತ್ರೆಯ ಲ್ಯಾಬ್ ಬಿಟ್ಟರೆ ನಾನು ಎಲ್ಲೂ ಬಾಯಿ ಬಿಟ್ಟಿರಲಿಲ್ಲ.

ಎದುರು ಕಡೆ ಡಾಕ್ಟರ್ ಪಂಚಾಕ್ಷರಿ. ಧಾರವಾಡದ ಪಶುವೈದ್ಯರು, ಎರಡು ವರ್ಷ ನಮೀಬಿಯಾದಲ್ಲಿ ಇದ್ದು ಬಂದವರು. ವಿಮಾನ ನಿಲ್ದಾಣದಲ್ಲಿ ಹಿಡಿದ ಚರ್ಮ, ದಂತ, ಉಗುರು ಅಸಲಿಯೋ ನಕಲಿಯೋ ಎಂದು ಹೇಳುವುದು ಈಗ ಅವರ ಕೆಲಸ. ಅದನ್ನು ಉಮಾ ಮೈಕಿನಲ್ಲಿ ಹೇಳಿದಾಗಲೇ ನನಗೆ ಗೊತ್ತಾದದ್ದು. ಆಗ ಎದ್ದು ಹೋಗುವಂತಿರಲಿಲ್ಲ.

"ಒಂದು ಮುದಿ ಸಿಂಹ, ಲೈಸೆನ್ಸ್ ಕೊಟ್ಟು ಹೊಡಿಯಾಕ ಬಿಟ್ರ ಆ ರೊಕ್ಕ ಹಳ್ಳಿಗೆ ಬರ್ತೈತ್ರಿ," ಎಂದರು ಅವರು. "ಅದನ್ನ ನಿಲ್ಲಿಸಿದ್ರ, ದನ ಕಳಕೊಂಡ ಮಂದಿ ವಿಷ ಇಡ್ತಾರ. ಒಂದರ ಬದ್ಲಿ ಹತ್ತು ಸಾಯ್ತಾವ. ಆ ಹೆಣಾ ನಾನ ಕೊಯ್ದೀನಿ."

"ತಲೆಗೆ ಬೆಲೆ ಕಟ್ಟಿದ ಮೇಲೆ ಅದು ಮುದಿಯೋ ಮರಿಯೋ ಅಂತ ಯಾರು ನೋಡ್ತಾರೆ ಡಾಕ್ಟ್ರೇ?"

"ನೋಡೂ ಕೆಲಸಾನ ನಂದು ಮೇಡಂ." ಜನ ನಕ್ಕರು. ಅವರು ನಗುವಾಗ ಎಡ ಹುಬ್ಬು ಮೊದಲು ಮೇಲೇರುತ್ತಿತ್ತು, ತುಟಿ ಆಮೇಲೆ. "ಹಂಗಾರ ವಿನಾಯಿತಿನ ಇಲ್ಲೇನು? ಒಂದು ಉಗುರಿಗೂ?"

"ಒಂದು ಉಗುರಿಗೂ ಇಲ್ಲ."

ಚಪ್ಪಾಳೆ ಬಿತ್ತು. ಸ್ವೆಟರಿನೊಳಗೆ ಅದು ಎದೆಗೆ ಚುಚ್ಚಿತು.

ಚರ್ಚೆ ಮುಗಿದ ಮೇಲೆ ಅಡುಗೆಕೋಣೆಯಲ್ಲಿ ಕಪ್ ತೊಳೆಯುತ್ತಿದ್ದೆ. ಒರೆಸಲು ಪಂಚಾಕ್ಷರಿ ಬಂದು ನಿಂತರು.

"ಸೋತೆ. ಶಿಕ್ಷೆ ಅನುಭವಿಸಾಕತ್ತೀನಿ," ಎಂದರು.

ಬಾಗಿಲಲ್ಲಿ ಉಮಾ ಇಣುಕಿದರು. "ಸುಚೇತಾ, ಇನ್ನೂ ಜಗಳ ಮುಗಿದಿಲ್ವಾ? ಮುಂದಿನ ತಿಂಗಳೂ ನಿಮ್ಮಿಬ್ರನ್ನೇ ಹಾಕ್ತೀನಿ ನೋಡಿ." ಹೋದರು.

ನನಗೆ ನಗು ಬಂತು. ನಗುತ್ತ ಸಿಂಕಿನ ಮೇಲೆ ಬಗ್ಗಿದೆ. ಚಿನ್ನದ ಕಟ್ಟಿನ ಉಗುರು ಸ್ವೆಟರಿನಿಂದ ಹೊರಜಾರಿ ಸೋಪಿನ ನೀರಿನ ಮೇಲೆ ತೂಗಾಡಿತು.

ಅವರ ಕೈ ನಿಂತಿತು. ಹುಬ್ಬು ಏರಲಿಲ್ಲ.

"ಅಸಲಿ ಐತಿ," ಎಂದರು ಮೆಲ್ಲಗೆ.

"ನನ್ನ ಗಂಡನದು. ಅವರ ಮುತ್ತಜ್ಜ ಹೊಡೆದದ್ದಂತೆ. ಮೈಸೂರಿನಲ್ಲಿ ನನ್ನ ಗಂಡ ತೀರಿಕೊಂಡ ದಿನ ನಮ್ಮತ್ತೆ ಅವರ ಕೊರಳಿಂದ ತೆಗೆದು ನನಗೆ ಹಾಕಿದರು. ಹಾಕಿಕೊಂಡೇ ವಿಮಾನ ಹತ್ತಿದೆ. ಆಗ ನನಗೆ ಏನೂ ತಲೆಗೆ ಹೋಗುತ್ತಿರಲಿಲ್ಲ."

"ಲೈಸೆನ್ಸಿನ ಕಾಗದ?"

"ಇಲ್ಲ."

ಕಾಯಂ ಆಗಿ ಇಲ್ಲಿರಲು ನಾನು ಹಾಕಿದ್ದ ಅರ್ಜಿ ಹೋಮ್ ಆಫೀಸಿನಲ್ಲಿತ್ತು. ಅದು ತಿರಸ್ಕಾರವಾಗಲು ಒಂದು ಪೊಲೀಸ್ ಕೇಸು ಸಾಕು. ಅದನ್ನೂ ಹೇಳಿದೆ. ನೋಡಿಲ್ಲ ಎನ್ನಿ ಎಂದು ಬಾಯಿಬಿಟ್ಟು ಕೇಳಲಿಲ್ಲ, ಕಣ್ಣು ಕೇಳಿರಬೇಕು.

"ನೋಡಿದ್ದನ್ನ ನೋಡಿಲ್ಲ ಅನ್ನಾಕ ನನಗ ಬರಂಗಿಲ್ರೀ. ಸೋಮವಾರ ನೀವಾಗೇ ಹೋಗಿ ಪೊಲೀಸರಿಗೆ ಕೊಡ್ರಿ. ತಾವಾಗೇ ಕೊಟ್ಟವರನ್ನ ಅವರು ಬ್ಯಾರೆ ರೀತಿ ನೋಡ್ತಾರ."

"ಕೊಡದಿದ್ದರೆ?"

"ನಾ ಹೇಳಬೇಕಾಗ್ತೈತಿ."

"ಇಷ್ಟು ಹೊತ್ತು ಬೇಟೆಗಾರರ ಪರ ಮಾತಾಡಿದವರು ನೀವೇ ತಾನೇ?"

"ಅವರು ಕಾಗದ ತೋರಸ್ತಾರ್ರಿ," ಎಂದರು. ಅವರ ದನಿ ನಡುಗುತ್ತಿತ್ತು. ನಾನು ಕೋಪದಲ್ಲಿದ್ದೆ. ಅದು ಯಾಕೆ ನಡುಗಿತೆಂದು ಯೋಚಿಸಲಿಲ್ಲ.

ಸೋಮವಾರ ಲಂಚ್ ಬ್ರೇಕಿನಲ್ಲಿ ಠಾಣೆಗೆ ಹೋದೆ. ಕೊಕ್ಕೆ ಬಿಚ್ಚಲು ಬೆರಳು ಬರಲಿಲ್ಲ. ಪೊಲೀಸ್ ಹೆಂಗಸೇ ಹಿಂದೆ ಬಂದು ಬಿಚ್ಚಿದಳು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಟಿಸಿದಳು. ತಜ್ಞರು ನೋಡಿದ ಮೇಲೆ ಪತ್ರ ಬರುತ್ತದೆ ಎಂದಳು. ಕಾರಿನಲ್ಲಿ ಕೂತು ಗುರುಕಿರಣನ ಕ್ಷಮೆ ಕೇಳಿದೆ. ಅಳು ಬರಲಿಲ್ಲ. ಕತ್ತು ಬರಿದಾಗಿ ಚಳಿಯಾಯಿತು, ಅಷ್ಟೇ.

ಆಮೇಲೆ ಇಪ್ಪತ್ತು ದಿನ. ಬೆಳಿಗ್ಗೆ ಬಾಗಿಲ ಸಂದಿಯಿಂದ ಪೋಸ್ಟ್ ಬಿದ್ದ ಸದ್ದಿಗೆ ಓಡಿ ಬರುತ್ತಿದ್ದೆ. ಕೌನ್ಸಿಲ್ ಟ್ಯಾಕ್ಸಿನ ಕಾಗದವನ್ನೂ ನಿಂತಲ್ಲೇ ಒಡೆದೆ. ಪಂಚಾಕ್ಷರಿ ಫೋನ್ ಮಾಡಲಿಲ್ಲ. ಮಾಡದಿರಲಿ ಎಂದುಕೊಳ್ಳುತ್ತಿದ್ದೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ನಗುವ ಮೊದಲು ಮೇಲೇರುವ ಒಂದು ಹುಬ್ಬನ್ನು ನೆನೆಯುತ್ತ ನನಗೆ ನಾನೇ ಸಿಕ್ಕಿಬೀಳುತ್ತಿದ್ದೆ. ಅದು ಪೊಲೀಸರಿಗಿಂತ ಹೆಚ್ಚು ಹೆದರಿಸಿತು. ಒಬ್ಬರನ್ನು ಕಳೆದುಕೊಂಡು ಬದುಕುವುದನ್ನು ಹೇಗೋ ಕಲಿತಿದ್ದೆ. ಮತ್ತೊಮ್ಮೆ ಕಲಿಯುವ ಶಕ್ತಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬೆಲ್ ಆಯಿತು. ಅವರೇ. ಕೈಯಲ್ಲಿ ಕಂದು ಲಕೋಟೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಅರೆಸ್ಟ್ ಮಾಡ್ತಾರಾ?"

"ಇಲ್ರೀ. ಇನ್ನೂ ಏನೂ ಗೊತ್ತಾಗಿಲ್ಲ." ಅವರು ಲಕೋಟೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಉಗುರು ನನ್ನ ಟೇಬಲ್ಲಿಗೇ ಬಂದಿತ್ತು. ನಾ ವಾಪಸ್ ಕಳಿಸಿದೆ. ಮ್ಯಾಂಚೆಸ್ಟರ್‌ನಾಗ ಇನ್ನೊಬ್ಬರು ನೋಡ್ತಾರ."

"ನೀವೇ ನೋಡಿದ್ರೆ ಏನಾಗ್ತಿತ್ತು?"

"ನೋಡೂ ಹಂಗಿಲ್ಲ. ಯಾವ ವಸ್ತು ಬಂದ್ರೂ ಮೊದಲು ಒಂದು ಫಾರ್ಮ್ ತುಂಬಬೇಕು." ಲಕೋಟೆ ಚಾಚಿದರು. "ಇದು ನನ್ನ ಕಾಪಿ. ನೀವು ಓದ್ರಿ. ನನಗ ಹೇಳಾಕ ಆಗವಲ್ದು."

ಒಂದೇ ಹಾಳೆ. ನಡುವೆ ಒಂದು ಪ್ರಶ್ನೆ: ವಸ್ತುವಿನ ಒಡೆಯರ ಬಗ್ಗೆ ನಿಮಗೆ ವೈಯಕ್ತಿಕ ಆಸಕ್ತಿ ಇದೆಯೇ? ಹೌದು ಎಂಬಲ್ಲಿ ಗುರುತು. ಕೆಳಗೆ ವಿವರ ಬರೆಯುವ ಜಾಗದಲ್ಲಿ, ಇಂಗ್ಲಿಷಿನಲ್ಲಿ, ಪುಟ್ಟ ಅಕ್ಷರ: ಇದೆ. ಆಕೆಗೆ ಇನ್ನೂ ತಿಳಿಸಿಲ್ಲ.

ಎರಡು ಸಲ ಓದಿದೆ.

"ನನ್ನನ್ನ ಕೇಳದೆ ಆಫೀಸಿಗೆ ಹೇಳಿಬಿಟ್ರಾ?"

"ಅದರಾಗ ನಿಮ್ಮ ಮನಸಿನ ಬಗ್ಗೆ ಏನೂ ಇಲ್ರಿ. ನಂದು ಅಷ್ಟೇ. ನಿಮ್ಮದು ನನಗ ಎಲ್ಲಿ ಗೊತ್ತೈತಿ?" ಅವರ ಕಿವಿ ಕೆಂಪಾಗಿತ್ತು. "ಮ್ಯಾನೇಜರ್ ಒಬ್ಬ ಓದಿ, ಗುಡ್ ಲಕ್ ಅಂದ."

ಪೊಲೀಸರ ಪತ್ರ ಇನ್ನೂ ಬರಬೇಕಿತ್ತು. ಅರ್ಜಿ ಏನಾಗುವುದೋ ಗೊತ್ತಿರಲಿಲ್ಲ.

"ನಂಗೆ ತುಂಬಾ ಭಯ ಆಗ್ತಿದೆ," ಎಂದೆ. "ಕೇಸಿನದು ಮಾತ್ರ ಅಲ್ಲ."

"ನನಗೂ ಆಗೇತ್ರಿ. ಕಾರಿನಾಗ ಅರ್ಧ ತಾಸು ಕುಂತು ಬಂದೆ."

ಚೌಕಟ್ಟಿನಿಂದ ಕೈ ತೆಗೆದೆ.

"ಹಾಗಾದ್ರೆ ಒಳಗೆ ಬಂದು ಭಯಪಡಿ. ಹೀಟಿಂಗ್ ಹಾಕಿದೀನಿ, ಬಾಗಿಲು ಹಾಕ್ಬೇಕು."